ಉದುರಿದ ಎಲೆ ಯಾರ ಸೊತ್ತು?

ನಿಮ್ಮ ಹಿತ್ತಲಿನಲ್ಲಿ ಒಂದು ಬೇವಿನ ಮರವಿದೆಯೆಂದು ಭಾವಿಸಿರಿ. ಯುಗಾದಿಗೆ ಮುನ್ನ ಅದು ತನ್ನ ಹಳೆಯ ಎಲೆಗಳನ್ನೆಲ್ಲ ಉದುರಿಸಿ ಹೊಸ ಚಿಗುರಿಗೆ ಎಡೆಮಾಡಿಕೊಡುತ್ತದೆ. ಮನೆಯವರು ಮುಂಜಾನೆ ಎದ್ದು, ಆ ಎಲೆಗಳನ್ನು ಗುಡಿಸಿ, ಮೂಲೆಗೆ ಒಟ್ಟಿ ಬೆಂಕಿ ಹಚ್ಚುತ್ತಾರೆ. ಕೊಂಬೆಯ ಮೇಲಿದ್ದಾಗ ಪೂಜ್ಯವಾದ ಪತ್ರೆ. ನೆಲ ಮುಟ್ಟಿದೊಡನೆ ಕಸ. ನಡುವೆ ಇದ್ದ ಅಂತರವಾದರೂ ಹತ್ತು ಹದಿನೈದು ಮೊಳ ಮಾತ್ರ. ಇಷ್ಟು ಕಿರಿದಾದ ಪಯಣದಲ್ಲಿ ಎಲೆಯ ಗುಣವೇನೂ ಬದಲಾಗಲಿಲ್ಲ, ಬದಲಾದುದು ನಮ್ಮ ದೃಷ್ಟಿ. ಆದುದರಿಂದ ಕಸವೆಂಬುದು ವಸ್ತುವಿನ ಹೆಸರಲ್ಲ, ನಾವು ಕೊಡುವ ತೀರ್ಪಿನ ಹೆಸರು.

ಇಲ್ಲಿಯವರೆಗಿನ ಮಾತು ಹೊಸತಲ್ಲ. "ಕಸದಿಂದ ರಸ" ಎಂಬ ಘೋಷವಾಕ್ಯವನ್ನು ಶಾಲೆಯ ಗೋಡೆಗಳ ಮೇಲೆ ನಾವೆಲ್ಲರೂ ಓದಿದವರೇ. ಆದರೆ ಆ ವಾಕ್ಯದೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ; ಅದನ್ನು ಕೇಳುವವರು ವಿರಳ. ರಸವಾಗುವುದೇನೋ ಸರಿ, ಯಾರಿಗೆ ರಸ? ಉದುರಿದ ಎಲೆ ಯಾರ ಸೊತ್ತು? ಗುಡಿಸಿದವನದೇ, ಮರದ ಒಡೆಯನದೇ, ಹೊಸ ಉಪಾಯ ಹೂಡಿದ ಜಾಣನದೇ, ಅಥವಾ ಅದು ಬಿದ್ದ ನೆಲದ್ದೇ? ಈ ಪ್ರಶ್ನೆಯನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದು ಈ ಲೇಖನ.

ಮೊದಲು ಜಾಣರ ಪಕ್ಷವನ್ನು ಆಲಿಸೋಣ. ಏಕೆಂದರೆ ತೋಟದ ತ್ಯಾಜ್ಯದಿಂದ ಚಿತ್ರವಿಚಿತ್ರ ವಸ್ತುಗಳನ್ನು ನಿರ್ಮಿಸುವವರನ್ನು ಕಂಡು ನಗುವುದು ಸುಲಭ. ನಮ್ಮ ಸೀಮೆಯ ಹಿರಿಯರು ಬಾಲ್ಯದಲ್ಲಿ ಜೋಳದ ದಂಟಿನ ಸಿಪ್ಪೆಯನ್ನು ಸೀಳಿ, ಒಳಗಿನ ಬೆಂಡನ್ನು ತುಂಡುಮಾಡಿ, ಒಂದಕ್ಕೊಂದು ಚುಚ್ಚಿ ಚಕ್ಕಡಿ ಕಟ್ಟಿದ್ದುಂಟು. ಅದೇ ಸಿಪ್ಪೆಯಿಂದ ಕನ್ನಡಕ ಮಾಡಿ ಮೂಗಿಗೇರಿಸಿ ಶಾಲೆಯ ಗುರುಗಳನ್ನು ಅಣಕಿಸಿದ್ದೂ ಉಂಟು. ತೆಂಗಿನ ಗರಿಯಿಂದ ಪೀಪಿಯಾಯಿತು, ಕೈಗಡಿಯಾರವಾಯಿತು, ಹಾವಾಯಿತು. ದಕ್ಷಿಣ ಕನ್ನಡದ ಕೃಷಿಕನು ಅಡಿಕೆಯ ಹಾಳೆಯನ್ನು ಮಡಿಸಿ ಹೊಲಿದು ಮುಟ್ಟಾಳೆ ಎಂಬ ಟೊಪ್ಪಿಗೆಯನ್ನು ಮಾಡಿ ತಲೆಗಿಟ್ಟುಕೊಂಡನು. ಬಿಸಿಲಿಗೂ ಆಯಿತು, ಹೊರೆ ಹೊರುವಾಗ ಸಿಂಬೆಗೂ ಆಯಿತು. ಮೊಟ್ಟಮೊದಲು ಅದನ್ನು ತಲೆಗೇರಿಸಿದವನನ್ನು ನೆರೆಯವರು ನೋಡಿ ನಕ್ಕಿರಲಾರರೇ?

ಇಂಥ ಜಾಣರನ್ನು ಕುರಿತ ಅತಿ ಪ್ರಸಿದ್ಧ ಅಪಹಾಸ್ಯವೊಂದು ಆಂಗ್ಲ ಸಾಹಿತ್ಯದಲ್ಲಿದೆ. ಜೊನಾಥನ್ ಸ್ವಿಫ್ಟನು 1726ರಲ್ಲಿ ಪ್ರಕಟಿಸಿದ ಗಲಿವರನ ಯಾತ್ರೆಗಳಲ್ಲಿ ಲಗಾಡೋ ಎಂಬ ಪಟ್ಟಣದ ವಿದ್ವತ್ಪೀಠವೊಂದು ಬರುತ್ತದೆ. ಅಲ್ಲಿನ ಪಂಡಿತನೊಬ್ಬನು ಸೌತೆಕಾಯಿಯೊಳಗಿನ ಸೂರ್ಯಕಿರಣಗಳನ್ನು ಹೊರತೆಗೆದು, ಶೀಸೆಗಳಲ್ಲಿ ಬಿಗಿದಿಟ್ಟು, ಛಳಿಯ ದಿನಗಳಲ್ಲಿ ಬಿಚ್ಚಿ ಗಾಳಿಯನ್ನು ಬೆಚ್ಚಗೆ ಮಾಡುವ ಯೋಜನೆಯಲ್ಲಿ ಎಂಟು ವರ್ಷ ಕಳೆದಿದ್ದಾನೆ. ಇನ್ನೆಂಟು ವರ್ಷಗಳಲ್ಲಿ ಫಲ ಖಂಡಿತವೆಂದು ಹೇಳಿ, ಸೌತೆಕಾಯಿಯ ಬೆಲೆ ಏರಿರುವುದರಿಂದ ಏನಾದರೂ ಕಾಣಿಕೆ ಕೊಡಿರೆಂದು ಕೈಯೊಡ್ಡುತ್ತಾನೆ. ಓದಿದವರೆಲ್ಲರೂ ನಕ್ಕರು. ಆದರೆ ಇಂದು ಕಲಿತವರಿಗೆ ಗೊತ್ತಿದೆ: ಸೌತೆಯ ಬಳ್ಳಿಯಲ್ಲಿ ಇರುವುದು ನಿಜವಾಗಿಯೂ ಸೂರ್ಯನ ಶಕ್ತಿಯೇ. ಬಳ್ಳಿಯನ್ನೂ ಸಿಪ್ಪೆಯನ್ನೂ ಗಾಳಿಯಾಡದ ಗುಂಡಿಯಲ್ಲಿ ಕೊಳೆಸಿದರೆ ಅನಿಲ ಹುಟ್ಟುತ್ತದೆ. ಅದನ್ನು ಹೊತ್ತಿಸಿದರೆ ಒಲೆ ಉರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ವಿಜ್ಞಾನಿಗಳು, ಸಗಣಿಯಿಂದ ಮಾತ್ರವಲ್ಲ, ಎಲೆಕಸದಿಂದಲೂ ಅನಿಲ ಪಡೆಯುವ ವಿಧಾನಗಳನ್ನು ಮುಂದೆ ಅಭ್ಯಸಿಸಿದರು. ಲಗಾಡೋದ ಪಂಡಿತನು ತಪ್ಪಿದ್ದು ಶೀಸೆಯ ವಿಚಾರದಲ್ಲಿ ಮಾತ್ರವೆಂದು ನನಗೆ ತೋರುತ್ತದೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋಗಿ ನೋಡಿರಿ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಲ್ಲಿ ಗರುಡನನ್ನೋ ಲಂಬಾಣಿ ಹೆಂಗಸನ್ನೋ ಕೆತ್ತಿದ ಮೇಲೆ, ಅಂಗಾಂಗಗಳನ್ನು ಜೋಡಿಸಿ ತುಂಬಿಕೊಳ್ಳಲು ಬಳಸುವ ಸರಿಗೆ ಕಿಟ್ಟವೆಂದು ಹೆಸರು. ಸೆಣಬಿನ ಹಳೆಯ ಚಿಂದಿಯನ್ನು ನೆನೆಯಿಸಿ, ತುಂಡರಿಸಿ, ಒಣಗಿಸಿ, ಪುಡಿಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಅದು ಸಿದ್ಧವಾಗುತ್ತದೆ. ಹುಣಸೆಹಣ್ಣನ್ನು ಬಿಡಿಸಿ ಬೀಜವನ್ನು ಚೆಲ್ಲುವ ಮನೆಗೂ, ಅದೇ ಬೀಜದಿಂದ ದೇವರ ವಾಹನದ ರೆಕ್ಕೆಯನ್ನು ಅಂಟಿಸುವ ಮನೆಗೂ ನಡುವೆ ಇರುವುದು ಬುದ್ಧಿಯ ಅಂತರ ಮಾತ್ರವಲ್ಲ, ಆದರದ ಅಂತರವೂ ಹೌದು. ಬಿದ್ದುದನ್ನು ಎತ್ತಿಕೊಂಡು, "ನೀನು ಇನ್ನೇನಾಗಬಲ್ಲೆ?" ಎಂದು ಕೇಳುವವನು ವಸ್ತುವನ್ನು ಗೌರವಿಸುತ್ತಾನೆ. ಆದುದರಿಂದ ವಿನೋದಕ್ಕಾಗಿ ಹುಟ್ಟಿದ ಯುಕ್ತಿಯನ್ನು ಕಾಯಕವಲ್ಲವೆಂದು ತಳ್ಳಿಹಾಕುವವರ ಪಕ್ಷದಲ್ಲಿ ನಾನಿಲ್ಲ. ಆಟದ ಚಕ್ಕಡಿ ಕಟ್ಟಿದ ಕೈಯೇ ಮುಂದೆ ಹೊಲದ ಚಕ್ಕಡಿಯನ್ನೂ ಕಟ್ಟಿತು.

ಹೀಗಿರುವಲ್ಲಿ ತಕರಾರು ಎಲ್ಲಿಯದು? ತಕರಾರು ನೆಲದ್ದು.

ಎಲೆ ಬಿದ್ದಾಗ ಅದು ಯಾರಿಗೂ ಬೇಡವಾಗಿ ಬಿತ್ತೆಂದು ನಾವು ಎಣಿಸುತ್ತೇವೆ. ಗೆದ್ದಲಿಗೆ, ಎರೆಹುಳುವಿಗೆ, ಕಣ್ಣಿಗೆ ಕಾಣದ ಅಸಂಖ್ಯ ಜೀವಾಣುಗಳಿಗೆ, ಕಡೆಗೆ ಅದೇ ಮರದ ಬೇರಿಗೆ ಅದು ಬೇಕಾಗಿಯೇ ಇತ್ತು. ಇಂದೋರಿನಲ್ಲಿ ಸಸ್ಯೋದ್ಯಮ ಸಂಸ್ಥೆಯ ನಿರ್ದೇಶಕರಾಗಿದ್ದ ಆಲ್ಬರ್ಟ್ ಹೊವಾರ್ಡ್ ಎಂಬ ಆಂಗ್ಲ ವಿಜ್ಞಾನಿ, ಯಶವಂತ ವಾಡ್ ಎಂಬ ಭಾರತೀಯ ಸಹೋದ್ಯೋಗಿಯೊಡಗೂಡಿ, 1931ರಲ್ಲಿ ಕೃಷಿಯ ತ್ಯಾಜ್ಯಗಳನ್ನು ಕುರಿತೇ ಒಂದು ಗ್ರಂಥ ಬರೆದರು. ಇಂದೋರ್ ಪದ್ಧತಿಯ ಕಾಂಪೋಸ್ಟ್ ಗೊಬ್ಬರ ಅಲ್ಲಿಂದಲೇ ಲೋಕಕ್ಕೆ ಪರಿಚಯವಾಯಿತು. ನೆಲದಿಂದ ಬಂದುದೆಲ್ಲವೂ ನೆಲಕ್ಕೆ ಮರಳಬೇಕೆಂಬುದನ್ನು ಅವರು ಒಂದು ನಿಯಮವೆಂದೇ ಎತ್ತಿಹಿಡಿದರು. ಭಾರತದ ರೈತರನ್ನು ತಮ್ಮ ಗುರುಗಳೆಂದು ಹೇಳಿಕೊಳ್ಳಲು ಅವರು ಸಂಕೋಚಪಡಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ನಮ್ಮ ತಿಪ್ಪೆಗುಂಡಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ?

ಗಿಣಿಗೇರಾದಿಂದ ಗಂಗಾವತಿಯ ಕಡೆಗೆ ರೈಲಿನಲ್ಲಿ ಹೋಗುವವರು ಸುಗ್ಗಿ ಮುಗಿದ ಮೇಲೆ ಒಮ್ಮೆ ಕಿಟಕಿಯಿಂದಾಚೆ ದೃಷ್ಟಿಸಲಿ. ಇತ್ತ ಮಳೆಯನ್ನೇ ನಂಬಿದ ಒಣ ಹೊಲಗಳು; ಅತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತದ ಗದ್ದೆಗಳು. ಕೊಯ್ಲಿನ ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲಿಯೇ ಚೆಲ್ಲಾಡಿ ಉಳಿಯುತ್ತದೆ. ಮುಂದಿನ ನಾಟಿಗೆ ಕಾಲ ಸಾಲದೆ ಬಹು ಜನ ಅದಕ್ಕೆ ಬೆಂಕಿ ಇಡುತ್ತಾರೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5ರಿಂದ 8 ಕಿಲೋಗ್ರಾಂ ಸಾರಜನಕವೂ 12ರಿಂದ 17 ಕಿಲೋಗ್ರಾಂ ಪೊಟ್ಯಾಸಿಯಂ ಸಹ ಇರುತ್ತವೆ. ಸುಟ್ಟಾಗ ಸಾರಜನಕ ಬಹುತೇಕ ಪೂರ್ಣವಾಗಿ ಹೊಗೆಯೊಡನೆ ಹಾರಿಹೋಗುತ್ತದೆ. ಹಾರಿಹೋದುದನ್ನೇ ರೈತನು ಬಳಿಕ ಯೂರಿಯಾ ಚೀಲದ ರೂಪದಲ್ಲಿ ಹಣ ತೆತ್ತು ತರುತ್ತಾನೆ. ರೈತನನ್ನು ಇಲ್ಲಿ ದೂರುವುದು ಸುಲಭ. ಆದರೆ ಎರಡು ಬೆಳೆಗಳ ನಡುವೆ ಇರುವ ಕೆಲವೇ ದಿನಗಳ ಅವಸರವನ್ನೂ, ಆಳಿನ ಕೂಲಿಯನ್ನೂ ಅರಿಯದೆ ದೂರುವವರ ಮಾತಿಗೆ ಬೆಲೆಯಿಲ್ಲ. ಇದೇ ಹೊತ್ತಿನಲ್ಲಿ ಗಿಣಿಗೇರಾದ ಸುತ್ತಿನ ಒಣಹೊಲದವನು ದನಕ್ಕೆ ಮೇವಿಲ್ಲವೆಂದು ಕಣಿಕೆಯ ಬಣವೆಯನ್ನು ಎಣಿಸಿ ಎಣಿಸಿ ಹಿರಿಯುತ್ತಾನೆ. ಒಂದೇ ಜಿಲ್ಲೆಯಲ್ಲಿ ಒಬ್ಬನಿಗೆ ಕಸವಾದುದು ಇನ್ನೊಬ್ಬನಿಗೆ ಕಾಮಧೇನುವಿನ ಊಟ.

ಹೀಗೆ ನೆಲದ ಹಕ್ಕು, ದನದ ಹಕ್ಕು, ಜಾಣನ ಹಕ್ಕು ಎಂದು ಮೂರು ಹಕ್ಕುಗಳು ಒಂದೇ ಹುಲ್ಲುಕಡ್ಡಿಯ ಮೇಲೆ ಕುಳಿತಿವೆ. ಇವುಗಳ ನ್ಯಾಯವನ್ನು ಬಗೆಹರಿಸುವುದು ಹೇಗೆ? ನನಗೆ ಇಲ್ಲಿ ನೆನಪಾಗುವವರು ಆಯ್ದಕ್ಕಿ ಲಕ್ಕಮ್ಮ.

ಕಥೆ ನಿಮಗೆ ತಿಳಿಯದುದಲ್ಲ. ನಮ್ಮ ನೆರೆಯ ಲಿಂಗಸುಗೂರಿನ ಸೀಮೆಯವರೆಂದು ಹೇಳಲಾಗುವ ಮಾರಯ್ಯ ದಂಪತಿಗಳು ಕಲ್ಯಾಣಕ್ಕೆ ಬಂದರು. ಅಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುವುದೇ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಪರೀಕ್ಷಿಸುವ ಸಲುವಾಗಿ ಬಸವಣ್ಣನವರೇ ಹೆಚ್ಚು ಚೆಲ್ಲಿಸಿದ್ದರೆಂದೂ ಹೇಳುವುದುಂಟು. ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಚೆಲ್ಲಿ ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಅಪರಿಗ್ರಹದ ದೃಷ್ಟಾಂತವೆಂದು ಹೇಳಿ ಮುಗಿಸುತ್ತೇವೆ. ಆದರೆ ಅದರ ವೈಶಿಷ್ಟ್ಯವನ್ನು ಗಮನಿಸಿರಿ. ಮಾರಯ್ಯನವರು ತಂದುದು ಕಳವಿನ ಧಾನ್ಯವಲ್ಲ, ಬೇಡಿದ ಧಾನ್ಯವೂ ಅಲ್ಲ. ಚೆಲ್ಲಿದುದು, ಅಂದರೆ ಲೋಕದ ಲೆಕ್ಕದಲ್ಲಿ ಕಸ. ಎತ್ತಿಕೊಂಡರೆ ಯಾರಿಗೂ ನಷ್ಟವಿಲ್ಲ. ಉದ್ದೇಶವೂ ಪವಿತ್ರ: ದಾಸೋಹ. ಇಷ್ಟೆಲ್ಲ ಇದ್ದರೂ ಲಕ್ಕಮ್ಮನವರು ಅಳತೆಯನ್ನು ಬಿಟ್ಟುಕೊಡಲಿಲ್ಲ. ಬೇಡವಾದುದನ್ನು ಆಯ್ದುಕೊಳ್ಳುವವನಿಗೂ ಒಂದು ಮಿತಿಯುಂಟು. ಕಸವೆಂಬ ಹೆಸರು ಬಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಅಂಗಳದಲ್ಲಿ ಉಳಿದ ಆ ಕಾಳುಗಳನ್ನು ಬಳಿಕ ಯಾರು ತಿಂದರೆಂದು ಕಥೆ ಹೇಳುವುದಿಲ್ಲ. ಗುಬ್ಬಿಯೂ ಇರುವೆಯೂ ತಿಂದಿರಬೇಕೆಂದು ನನ್ನ ಊಹೆ.

ಲಕ್ಕಮ್ಮನವರ ಈ ಅಳತೆಯನ್ನು ಹಿಡಿದುಕೊಂಡು ನಮ್ಮ ಜಿಲ್ಲೆಯದೇ ಆದ ಒಂದು ಉದ್ಯೋಗವನ್ನು ನೋಡೋಣ. ಹಂಪೆಯ ಎದುರಿಗೆ, ತುಂಗಭದ್ರೆಯ ಎಡದಂಡೆಯಲ್ಲಿ, ಗಂಗಾವತಿ ತಾಲೂಕಿನ ಆನೆಗೊಂದಿ ಇದೆ. ಬಾಳೆಯ ತೋಟಗಳು ಅಲ್ಲಿ ಧಾರಾಳ. ಬಾಳೆಯ ಗಿಡ ಒಮ್ಮೆ ಗೊನೆ ಹಾಕಿತೆಂದರೆ ಅದರ ಆಯುಷ್ಯ ಮುಗಿಯಿತು. ಗೊನೆ ಕಡಿದ ಮೇಲೆ ದಿಂಡನ್ನು ಉರುಳಿಸಿ ಮರಿಗಳಿಗೆ ಎಡೆಮಾಡಬೇಕು. 1997ರಲ್ಲಿ ಸ್ಥಾಪಿತವಾದ ಕಿಷ್ಕಿಂದಾ ಟ್ರಸ್ಟ್ ಆ ಊರಿನ ಮಹಿಳೆಯರಿಗೆ ಬಾಳೆಯ ಪಟ್ಟೆಯನ್ನು ಒಣಗಿಸಿ, ಸೀಳಿ, ಹುರಿಹೊಸೆದು, ಚೀಲ, ಬುಟ್ಟಿ, ಚಾಪೆಗಳನ್ನು ಹೆಣೆಯುವ ಕಸುಬನ್ನು ಕಲಿಸಿತು. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂದು ಗಾದೆ. ಇಲ್ಲಿ ನಾರು ಹೂವಿನ ಹಂಗಿಲ್ಲದೆ ತಾನೇ ಹಡಗನ್ನೇರಿ ಪರದೇಶದವರ ಮನೆಯನ್ನು ಸೇರಬಲ್ಲುದಾಯಿತು. ಹೊಲದ ಕೂಲಿಯೊಂದನ್ನೇ ಬಲ್ಲ ಹೆಂಗಸರಿಗೆ ನೆರಳಿನಲ್ಲಿ ಕುಳಿತು ಮಾಡುವ ದುಡಿಮೆ, ಸ್ವಂತ ಕೈಗೆ ಬರುವ ಹಣ ದೊರೆಯಿತು. ಇದನ್ನು ಸಣ್ಣ ಸಂಗತಿಯೆಂದು ಎಣಿಸುವವರು ಬಿಸಿಲಿನಲ್ಲಿ ಬಗ್ಗಿ ಸಸಿ ನಾಟಿಮಾಡಿ ಬಲ್ಲವರಲ್ಲ.

ಆದರೆ ಬಾಳೆಯ ಬುಡದ ನೆಲ ಏನೆನ್ನುತ್ತದೆ? ಬಾಳೆ ಪೊಟ್ಯಾಸಿಯಂ ಸಾರವನ್ನು ಬಹಳವಾಗಿ ಹೀರುವ ಬೆಳೆ. ಆ ಸಾರದ ದೊಡ್ಡ ಪಾಲು ದಿಂಡಿನಲ್ಲಿಯೇ ಉಳಿದಿರುತ್ತದೆ. ದಿಂಡನ್ನೆಲ್ಲ ತೋಟದಿಂದ ಹೊರಗೆ ಸಾಗಿಸಿದರೆ ಮುಂದಿನ ಮರಿಯ ಊಟವನ್ನೇ ಸಾಗಿಸಿದಂತೆ. ಇಲ್ಲಿಯೇ ಒಂದು ಸೂಕ್ಷ್ಮವಿದೆ. ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸೋಣ.

ಗಿಡದ ದೇಹಕ್ಕೆ ಸಾಲ ಕೊಟ್ಟವರು ಒಬ್ಬರಲ್ಲ. ಒಣಗಿದ ಸಸ್ಯದ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲಾದುದು ಇಂಗಾಲ, ಆಮ್ಲಜನಕ, ಜಲಜನಕಗಳು; ಇವನ್ನು ಗಿಡ ಪಡೆದುದು ಗಾಳಿಯಿಂದ ಮತ್ತು ನೀರಿನಿಂದ, ಬೆಸೆದುದು ಸೂರ್ಯನ ಬೆಳಕಿನಿಂದ. ನೆಲ ತನ್ನ ಗಂಟಿನಿಂದ ಕೊಟ್ಟದ್ದು ಉಳಿದ ಅಲ್ಪಭಾಗ: ಸಾರಜನಕ, ರಂಜಕ, ಪೊಟ್ಯಾಸಿಯಂ, ಸುಣ್ಣ ಮುಂತಾದ ಸಾರಗಳು. ನಾರೆಂಬುದು ಬಹುಪಾಲು ಗಾಳಿಯ ಮತ್ತು ಸೂರ್ಯನ ಪಾಲು. ರಸ, ತಿರುಳು, ಹಸಿ ಎಲೆ ಇವುಗಳಲ್ಲಿ ನೆಲದ ಪಾಲು ಹೆಚ್ಚು. ಆದುದರಿಂದ ಹೊರಪಟ್ಟೆಯನ್ನು ಮಾತ್ರ ಹೆಣೆಯಲು ತೆಗೆದುಕೊಂಡು, ತಿರುಳನ್ನೂ ಎಲೆಯನ್ನೂ ಕೊಚ್ಚಿ ಬುಡಕ್ಕೆ ಹಾಕುವವನು ನೆಲದ ಸಾಲವನ್ನು ಬಹುಮಟ್ಟಿಗೆ ತೀರಿಸಿದಂತಾಯಿತು. ಗಾಳಿಯ ಸಾಲಕ್ಕೆ ಗಾಳಿ ಅವಸರಪಡಿಸುವುದಿಲ್ಲ.

ಎಲೆಕಸದ ಅನಿಲವನ್ನು ಇದೇ ತಕ್ಕಡಿಯಲ್ಲಿ ತೂಗಿರಿ. ಒಲೆಗೆ ಹೋಗುವ ಅನಿಲದಲ್ಲಿ ಇರುವುದು ಇಂಗಾಲ ಮತ್ತು ಜಲಜನಕ. ಸಾರಜನಕವೂ ಪೊಟ್ಯಾಸಿಯಂ ಸಹ ಬಗ್ಗಡದಲ್ಲಿಯೇ ನಿಲ್ಲುತ್ತವೆ. ಬಗ್ಗಡವನ್ನು ಹೊಲಕ್ಕೆ ಹಾಕಿದರೆ ಗೃಹಿಣಿಗೂ ನೆಲಕ್ಕೂ ಜಗಳವಿಲ್ಲ. ಭತ್ತದ ಹುಲ್ಲಿನ ಮೇಲೆ ಅಣಬೆ ಬೆಳೆಸುವುದೂ ಇಂಥದೇ ಯುಕ್ತಿ. ಅಣಬೆ ತಿನ್ನಬಹುದೇ ಎಂಬ ಮಡಿಯ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಬೆಳೆ ತೆಗೆದ ಮೇಲೆ ಉಳಿದ ಹುಲ್ಲು ತಿಪ್ಪೆಗೆ ಇನ್ನಷ್ಟು ಹದವಾಗಿ ಸಲ್ಲುತ್ತದೆಂಬುದು ನಿಜ.

ಹಾಗಾದರೆ ನಾರನ್ನೂ ಇಂಗಾಲವನ್ನೂ ಎಷ್ಟಾದರೂ ಒಯ್ಯಬಹುದೇ? ಒಯ್ಯಲಾಗದು. ನಮ್ಮ ಬಿಸಿಲಿನ ಸೀಮೆಯಲ್ಲಿ ಮಣ್ಣಿನೊಳಗಿನ ಸಾವಯವ ಪದಾರ್ಥ ಬೇಗನೆ ಕರಗಿಹೋಗುತ್ತದೆ. ಅದು ಕರಗಿದ ಕೆಂಪುಮಣ್ಣು ಮಳೆಯ ನೀರನ್ನು ಹಿಡಿದಿಡಲಾರದು. ಎಲೆಯ ಹೊದಿಕೆ ನೆಲಕ್ಕೆ ಊಟ ಮಾತ್ರವಲ್ಲ, ಕಂಬಳಿಯೂ ಹೌದು. ಯಲಬುರ್ಗಾ, ಕುಷ್ಟಗಿಗಳ ಒಣಭೂಮಿಯಲ್ಲಿ ಒಂದು ಬುಟ್ಟಿ ಎಲೆಗೆ ಇರುವ ಬೆಲೆ ಮಲೆನಾಡಿನ ಸೊಪ್ಪಿನ ಬೆಟ್ಟದಲ್ಲಿ ಇರಲಾರದು. ಹೀಗಾಗಿ ಲಕ್ಕಮ್ಮನವರ ಅಳತೆ ಎಲ್ಲ ಊರಿಗೂ ಒಂದೇ ಸೇರಿನದಲ್ಲ. ನೆಲವನ್ನು ನೋಡಿ ಅಳೆಯಬೇಕಾದುದು.

ಎಲ್ಲವನ್ನೂ ನೆಲಕ್ಕೇ ಹಿಂದಿರುಗಿಸಬೇಕೆಂಬ ಹಟವೂ ಸಲ್ಲದೆಂಬುದಕ್ಕೆ ನಮ್ಮ ಜಿಲ್ಲೆಯ ದಾಳಿಂಬೆ ತೋಟಗಳೇ ಸಾಕ್ಷಿ. ದುಂಡಾಣು ಅಂಗಮಾರಿ ತಗುಲಿದ ಗಿಡದ ಟೊಂಗೆಗಳನ್ನೂ ಉದುರಿದ ಎಲೆಗಳನ್ನೂ ತೋಟದಲ್ಲಿಯೇ ಬಿಟ್ಟರೆ ರೋಗ ಮುಂದಿನ ಹಂಗಾಮಿಗೆ ಕಾದು ಕುಳಿತಿರುತ್ತದೆ. ಅವನ್ನು ಆಯ್ದು ಸುಡಲೇಬೇಕು. ಸುಡುವುದೇ ಅಲ್ಲಿ ನೆಲದ ಸೇವೆ. ಬೇವಿನ ಎಲೆಯನ್ನು ಒಣಗಿಸಿ ಜೋಳದ ಕಾಳಿನೊಳಗೆ ಬೆರೆಸಿಟ್ಟು ನುಸಿಯನ್ನು ತಡೆದ ನಮ್ಮ ಅಜ್ಜಿಯಂದಿರು ನೆಲಕ್ಕೆ ದ್ರೋಹ ಬಗೆದವರೆಂದು ಯಾರೂ ಹೇಳಲಾರರು. ಹಿಡಿಯಷ್ಟು ಎಲೆ ಒಂದು ವರ್ಷದ ಅನ್ನವನ್ನು ಕಾಯ್ದಿತು.

ಇನ್ನು ಗಿಣಿಗೇರಾದವರ ಕಣ್ಣೆದುರಿಗೇ ಇರುವ ಬೇರೊಂದು ಬಗೆಯ ಕಸವನ್ನು ಹೇಳದಿದ್ದರೆ ವಿಚಾರ ಅಪೂರ್ಣವಾದೀತು. ಊರಿನ ಸುತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿವೆ. ಕಬ್ಬಿಣ ಕರಗಿಸಿದಾಗ ಉಳಿಯುವ ಮಡ್ಡಿಗೂ ಕನ್ನಡದಲ್ಲಿ ಕಿಟ್ಟವೆಂದೇ ಹೆಸರು. ಕಿನ್ನಾಳದ ಕಿಟ್ಟಕ್ಕೂ ಇದಕ್ಕೂ ಹೆಸರೊಂದೇ, ಕುಲ ಬೇರೆ. ಈ ಕಿಟ್ಟಕ್ಕೆ, ಬೂದಿಗೆ, ಎಲೆಗಳ ಮೇಲೆ ಕೂರುವ ಕರಿಧೂಳಿಗೆ ಹಕ್ಕುದಾರರಿಲ್ಲ. ಯಾವ ಎರೆಹುಳುವೂ ಅದನ್ನು ಕಾದು ಕುಳಿತಿಲ್ಲ. ತೋಟದ ಕಸಕ್ಕೆ ನೆಲವೆಂಬ ತವರುಮನೆಯಿದೆ. ಇದು ತವರಿಲ್ಲದ ಕಸ. ಕಿಟ್ಟವನ್ನು ಸಿಮೆಂಟಿಗೆ ಸೇರಿಸುವುದು, ಹಾರುಬೂದಿಯಿಂದ ಇಟ್ಟಿಗೆ ಮಾಡುವುದು ಇವೆಲ್ಲ ಈಗ ನಡೆಯುತ್ತಿರುವ ಉಪಾಯಗಳು. ಅಲ್ಲಿ ಮಿತಿ ಹಾಕುವವರು ಬೇಡ. ಎಷ್ಟು ಯುಕ್ತಿ ಹೂಡಿದರೂ ಸಾಲದು. ವಿಪರ್ಯಾಸವೆಂದರೆ ತವರಿರುವ ಎಲೆಯನ್ನು ನಾವು ತವರಿಗೆ ಹೋಗಗೊಡದೆ ಸುಡುತ್ತೇವೆ. ತವರಿಲ್ಲದ ಬೂದಿಯನ್ನು ಹೊಲದ ಮೇಲೆ ಬೀಳಗೊಡುತ್ತೇವೆ.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಹಿರಿಯ ವಾಚಕರು ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚಿದ ದಿನಗಳನ್ನು ಮರೆತಿರಲಾರರು. ಅದೂ ಒಂದು ಕಾಲಕ್ಕೆ ಯಾರೋ ವಿನೋದಿಯ ಯುಕ್ತಿಯಾಗಿಯೇ ಹುಟ್ಟಿರಬೇಕು: ಎಲೆಗೆ ಎಲೆ ಜೋಡಿಸಿದರೆ ತಟ್ಟೆಯಾದೀತೆಂದು ಹೊಳೆದ ಗಳಿಗೆ ಎಂಥದೋ! ಉಂಡ ಮೇಲೆ ತೊಳೆಯುವ ನೀರಿನ ಖರ್ಚಿಲ್ಲ, ಎಲೆ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಈಗ ಸಂತೆಯಲ್ಲಿ ಅದೇ ಮುತ್ತುಗದ ಎಲೆಯ ತಟ್ಟೆಗಳು ಯಂತ್ರದಿಂದ ಒತ್ತಿ ಬರುತ್ತವೆ. ಕೆಲವಕ್ಕೆ ಸಾರು ಸೋರದಿರಲೆಂದು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ನೋಡಲು ಎಲೆಯೇ, ಆದರೆ ನೆಲ ಅದನ್ನು ಒಪ್ಪುವುದಿಲ್ಲ, ತಿಂದ ದನದ ಹೊಟ್ಟೆಯೂ ಒಪ್ಪುವುದಿಲ್ಲ. ಜಾತ್ರೆಗೋ ಮದುವೆಗೋ ನೀವು ತಟ್ಟೆಗಳನ್ನು ಕೊಳ್ಳುವಾಗ ಒಂದನ್ನು ಕೈಗೆತ್ತಿಕೊಂಡು ಅಂಚನ್ನು ಹರಿದು ನೋಡಿರಿ. ಎಲೆಯಾದರೆ ಗರಕ್ಕನೆ ಮುರಿಯುತ್ತದೆ. ಅಂಟಿಸಿದ ಹಾಳೆಯಿದ್ದರೆ ಮುರಿದ ಎಲೆಯ ನಡುವೆ ಅದು ಹಿಗ್ಗಿಕೊಂಡು ನಿಲ್ಲುತ್ತದೆ.